ಮಲೆನಾಡಿನ ಮನೆಯ ಕಾರಿಗೆ ಯಾವ ಟೈರ್?

ಟೈರ್ ಅಂಗಡಿಗೆ ಹೋದವರು ಮೊದಲು ಕೇಳುವುದು “ಎಷ್ಟು ಕಿಲೋಮೀಟರ್ ಬಾಳಿಕೆ ಬರುತ್ತದೆ?” ಎಂದು. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಕೇಳಿದರೂ, ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನಲ್ಲಿ ಕೇಳಿದರೂ ಅಂಗಡಿಯವರ ಬಳಿ ಉತ್ತರ ಸಿದ್ಧವಾಗಿರುತ್ತದೆ: ಐವತ್ತು ಸಾವಿರ, ಎಂಬತ್ತು ಸಾವಿರ, ಜಾಹೀರಾತನ್ನು ನಂಬುವುದಾದರೆ ಒಂದು ಲಕ್ಷ. ನನ್ನನ್ನು ಕೇಳಿದರೆ, ಮಲೆನಾಡಿನ ಮನೆಯ ಕಾರಿಗೆ ಈ ಪ್ರಶ್ನೆ ಕೊನೆಗೆ ಬಂದರೆ ಸಾಕು. ಮೊದಲು ಕೇಳಬೇಕಾದದ್ದು ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಇದು ಎಲ್ಲಿ ನಿಲ್ಲುತ್ತದೆ ಎಂದು.

ಲೆಕ್ಕ ಸುಲಭವಿದೆ. ತೀರ್ಥಹಳ್ಳಿ ಅಥವಾ ಹೊಸನಗರ ಕಡೆಯ ಒಂದು ಮನೆಯ ಕಾರು ವರ್ಷಕ್ಕೆ ಎಂಟರಿಂದ ಹತ್ತು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಪೇಟೆ, ಆಸ್ಪತ್ರೆ, ಮದುವೆ, ಉಪನಯನ, ಸೊಸೈಟಿ, ವರ್ಷಕ್ಕೆ ಒಂದೆರಡು ಸಲ ಬೆಂಗಳೂರು. ಐದು ವರ್ಷಕ್ಕೆ ನಲವತ್ತರಿಂದ ಐವತ್ತು ಸಾವಿರ. ಆದರೆ ರಬ್ಬರಿಗೆ ಓಡಿದರೂ ವಯಸ್ಸಾಗುತ್ತದೆ, ಓಡದೆ ಶೆಡ್ಡಿನಲ್ಲಿ ನಿಂತರೂ ವಯಸ್ಸಾಗುತ್ತದೆ. ಐದಾರು ವರ್ಷ ಕಳೆದ ಟೈರ್ ಗಡುಸಾಗಿ, ಪಕ್ಕೆಯಲ್ಲಿ ಸಣ್ಣ ಬಿರುಕು ಬಿಡುವುದಕ್ಕೆ ಶುರುವಾಗುತ್ತದೆ. ಎಂಬತ್ತು ಸಾವಿರ ಓಡುವ ಟೈರನ್ನು ಇಂಥ ಮನೆಯವರು ಮುಗಿಸಬೇಕಾದರೆ ಎಂಟರಿಂದ ಹತ್ತು ವರ್ಷ ಬೇಕು. ಕೊನೆಯ ಮೂರು ನಾಲ್ಕು ವರ್ಷ ಅದರಲ್ಲಿ ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬುಗಳು) ಇರುತ್ತದೆ, ಹಿಡಿತ ಇರುವುದಿಲ್ಲ. ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಆಷಾಢದಲ್ಲಿ ಹಾವಸೆ ಕಟ್ಟಿದ ಅಂಗಳ ದಾಟಿದಂತೆ. ಬಳಸಲಾಗದ ಕಿಲೋಮೀಟರುಗಳಿಗಾಗಿ ಮೊದಲ ದಿನದಿಂದಲೇ ಬ್ರೇಕಿನ ದೂರವನ್ನು ತೆರುವುದು ಯಾವ ಉಳಿತಾಯವೋ ನನಗೆ ತಿಳಿಯದು.

ಇದಕ್ಕೆ ವಿರುದ್ಧದ ಲೆಕ್ಕವೂ ಇದೆ. ವಾರಕ್ಕೊಮ್ಮೆ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಬರುವವರಿಗೆ ಒಂದು ಸುತ್ತಿಗೆ ಸುಮಾರು 600 ಕಿಲೋಮೀಟರ್, ವರ್ಷಕ್ಕೆ ಮೂವತ್ತು ಸಾವಿರ. ಅವರ ಟೈರ್ ಮುದಿಯಾಗುವ ಮೊದಲೇ ಸವೆದು ಮುಗಿಯುತ್ತದೆ. ಅಂಥವರು ಹೆಚ್ಚು ಬಾಳಿಕೆಯ ಟೈರ್ ಹಾಕಿಸಿದರೆ ಅದಕ್ಕೆ ಅರ್ಥವಿದೆ. ಟ್ಯಾಕ್ಸಿ ಓಡಿಸುವವರಿಗಂತೂ ಬೇರೆ ದಾರಿಯೇ ಇಲ್ಲ. ಸಮಸ್ಯೆ ಬರುವುದು ಟ್ಯಾಕ್ಸಿಯವರ ಸಲಹೆಯನ್ನು ಮನೆಯ ಕಾರಿಗೆ ತಂದು ಹಾಕಿದಾಗ. ನಮ್ಮ ಕಡೆ ಟೈರಿನ ವಿಷಯದಲ್ಲಿ ಎಲ್ಲರೂ ಕೇಳುವುದು ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲೇ ಅಲ್ಲವೇ!

ಜಿಲ್ಲೆಯೊಳಗೂ ಉತ್ತರ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಶಿವಮೊಗ್ಗ ನಗರಕ್ಕೆ ಬೀಳುವುದು ಅದರ ಒಂದು ಸಣ್ಣ ಪಾಲು. ಶಿಕಾರಿಪುರ, ಭದ್ರಾವತಿ ಕಡೆಯವರು ಮುಂದಿನ ಮಾತುಗಳಲ್ಲಿ ಮಳೆಯ ಭಾಗವನ್ನು ಸ್ವಲ್ಪ ತಗ್ಗಿಸಿ ಓದಿಕೊಳ್ಳಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದವರಿಗೆ, ಕೊಪ್ಪ, ಶೃಂಗೇರಿಯವರಿಗೆ ಆ ರಿಯಾಯಿತಿ ಇಲ್ಲ.

ಕಂಪನಿ ಬಿಡಿ, ಮಾದರಿ ಕೇಳಿ

“ಎಂಆರ್‌ಎಫ್ ಗಟ್ಟಿ, ಮಿಷೆಲಿನ್ ಮೃದು” ಎಂಬ ಮಾತು ನಮ್ಮಲ್ಲಿ ಗಾದೆಯ ಹಾಗೆ ಓಡಾಡುತ್ತದೆ. ಹಿಂದಿನ ತಲೆಮಾರಿನವರಾದರೆ ಮೈಸೂರಿನ ವಿಕ್ರಾಂತ್ ಬಿಟ್ಟು ಬೇರೆ ಹೆಸರು ಹೇಳುತ್ತಿರಲಿಲ್ಲ. ಅದು 1997ರಲ್ಲಿ ಜೆ.ಕೆ. ಟೈರ್ ಕಂಪನಿಯ ಕೈಗೆ ಹೋಯಿತು. ಕಂಪನಿಯ ಮೇಲಿನ ಈ ನಿಷ್ಠೆಗೆ ಈಗ ಹೆಚ್ಚು ಬೆಲೆ ಇಲ್ಲ. ಯಾಕೆಂದರೆ ಒಂದೇ ಕಂಪನಿ ಒಂದೇ ಅಳತೆಯಲ್ಲಿ ಎರಡು ಬಗೆಯ ಟೈರ್ ಮಾರುತ್ತದೆ, ಎರಡರ ಸ್ವಭಾವವೂ ಬೇರೆ. ಗುಡ್‌ಇಯರ್‌ನಲ್ಲಿ ಡ್ಯುರಾಪ್ಲಸ್ ಬಾಳಿಕೆಗೆ, ಟ್ರಿಪಲ್‌ಮ್ಯಾಕ್ಸ್ ಒದ್ದೆ ರಸ್ತೆಯ ಬ್ರೇಕಿಗೆ. ಅಪೊಲೊದಲ್ಲಿ ಅಮೇಜರ್ 4ಜಿ ಲೈಫ್ ಬಾಳಿಕೆಗೆ, ಅಲ್ನ್ಯಾಕ್ ಹಿಡಿತಕ್ಕೆ. ಸಿಯಟ್‌ನಲ್ಲಿ ಮೈಲೇಜ್ (Milaze) ಮತ್ತು ಸೆಕ್ಯುರಾಡ್ರೈವ್, ಬ್ರಿಡ್ಜ್‌ಸ್ಟೋನ್‌ನಲ್ಲಿ ಸ್ಟರ್ಡೊ ಮತ್ತು ಟುರಾನ್ಜಾ, ಇದೇ ಜೋಡಿ. “ನನಗೆ ಸಿಯಟ್ ಕೊಡಿ” ಎಂದರೆ ಅಂಗಡಿಯಲ್ಲಿ ಹೆಚ್ಚು ಓಡುವ ಮಾದರಿ ಕೈಗೆ ಬರುತ್ತದೆ, ಅದು ಬಹುಮಟ್ಟಿಗೆ ಬಾಳಿಕೆಯದೇ ಆಗಿರುತ್ತದೆ.

ಎರಡರ ನಡುವಿನ ವ್ಯತ್ಯಾಸ ಇರುವುದು ರಬ್ಬರಿನ ಮಿಶ್ರಣದಲ್ಲಿ ಮತ್ತು ಬಟನ್‌ಗಳ ವಿನ್ಯಾಸದಲ್ಲಿ. ಗಟ್ಟಿ ಮಿಶ್ರಣ ನಿಧಾನವಾಗಿ ಸವೆಯುತ್ತದೆ, ಒದ್ದೆ ಡಾಂಬರನ್ನು ಕಡಿಮೆ ಕಚ್ಚುತ್ತದೆ. ಈಗ ರಬ್ಬರಿಗೆ ಸಿಲಿಕಾ ಬೆರೆಸುವುದರಿಂದ ಈ ಜಗಳ ಮೊದಲಿನಷ್ಟು ಕಠೋರವಾಗಿ ಉಳಿದಿಲ್ಲ, ಆದರೂ ಪೂರ್ತಿ ಬಗೆಹರಿದಿಲ್ಲ. ವಿನ್ಯಾಸವನ್ನು ನೀವೇ ಕಣ್ಣಾರೆ ನೋಡಬಹುದು. ಟೈರಿನ ಸುತ್ತ ಉದ್ದಕ್ಕೆ ಓಡುವ ಅಗಲವಾದ ಕಾಲುವೆಗಳು ನೀರನ್ನು ಹಿಂದಕ್ಕೆ ಸಾಗಿಸುತ್ತವೆ. ಬಟನ್‌ಗಳ ಮೇಲೆ ಬ್ಲೇಡಿನಲ್ಲಿ ಗೀರಿದಂತಿರುವ ಸೀಳುಗಳು ಉಳಿದ ತೆಳುವಾದ ನೀರಿನ ಪದರವನ್ನು ಒಡೆದು ರಬ್ಬರನ್ನು ರಸ್ತೆಗೆ ತಾಗಿಸುತ್ತವೆ. ಬಾಳಿಕೆಯ ಟೈರಿನಲ್ಲಿ ಬಟನ್‌ಗಳು ದೊಡ್ಡವು, ಸೀಳುಗಳು ಕಡಿಮೆ. ಒಂದೇ ಕಂಪನಿಯ ಎರಡು ಮಾದರಿಗಳನ್ನು ಅಂಗಡಿಯ ನೆಲದ ಮೇಲೆ ಪಕ್ಕ ಪಕ್ಕ ನಿಲ್ಲಿಸಿ ನೋಡಿದರೆ ಯಾರೂ ವಿವರಿಸದೆಯೇ ಗೊತ್ತಾಗುತ್ತದೆ. ಹೆಬ್ಬೆರಳಿನ ಉಗುರು ಒತ್ತಿ ಮೃದುವೋ ಗಟ್ಟಿಯೋ ಎಂದು ನೋಡುವವರೂ ಇದ್ದಾರೆ. ಅದು ಹಲಸಿನ ಹಣ್ಣಿಗೆ ಸರಿ.

ಕೆಲವು ಮಾದರಿಗಳ ಪಕ್ಕೆಯಲ್ಲಿ ಟ್ರೆಡ್‌ವೇರ್, ಟ್ರ್ಯಾಕ್ಷನ್, ಟೆಂಪರೇಚರ್ ಎಂಬ ಮೂರು ಪದಗಳ ಮುಂದೆ ಅಂಕಿ ಅಥವಾ ಅಕ್ಷರ ಅಚ್ಚಾಗಿರುತ್ತದೆ. ಇದು ಅಮೆರಿಕದ ಪದ್ಧತಿ. ಟ್ರೆಡ್‌ವೇರ್ ಅಂಕಿ ದೊಡ್ಡದಾದಷ್ಟೂ ಬಾಳಿಕೆ ಹೆಚ್ಚು. ಟ್ರ್ಯಾಕ್ಷನ್ ಎಂದರೆ ಒದ್ದೆ ನೆಲದಲ್ಲಿ ನೇರ ಬ್ರೇಕಿನ ಹಿಡಿತ. ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ. ಟ್ರೆಡ್‌ವೇರ್ ಅಂಕಿಯನ್ನು ಕಂಪನಿಗಳೇ ನಿರ್ಧರಿಸುವುದರಿಂದ ಒಂದು ಕಂಪನಿಯದನ್ನು ಇನ್ನೊಂದರದ್ದಕ್ಕೆ ಹೋಲಿಸಬೇಡಿ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆ ಆರಿಸುವಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಅಂತರ್ಜಾಲದಲ್ಲಿ ಯುರೋಪಿನ ಪರೀಕ್ಷೆಗಳನ್ನು ನೋಡಿ ತೀರ್ಮಾನಿಸುವವರಿಗೆ ಒಂದು ಎಚ್ಚರಿಕೆ: ಹೆಸರು ಒಂದೇ ಇದ್ದರೂ ನಮ್ಮ ಮಾರುಕಟ್ಟೆಯ ಟೈರಿನ ಮಿಶ್ರಣ ಬೇರೆ ಇರಬಹುದು.

ಪೆಟ್ರೋಲ್ ಉಳಿಸುವ ಟೈರುಗಳದ್ದು ಮೂರನೆಯ ಗುಂಪು. ಬ್ರಿಡ್ಜ್‌ಸ್ಟೋನ್ ಇಕೋಪಿಯಾ, ಸಿಯಟ್ ಫ್ಯೂಯೆಲ್‌ಸ್ಮಾರ್ಟ್ ಈ ಬಗೆಯವು. ಇವು ಉರುಳುವಾಗ ಕಡಿಮೆ ಶಕ್ತಿ ತಿನ್ನುತ್ತವೆ. ಹೊಸ ಕಾರಿನ ಜೊತೆ ಬರುವ ಟೈರುಗಳಲ್ಲಿ ಅನೇಕವು ಈ ಗುಣಕ್ಕಾಗಿಯೇ ಆಯ್ಕೆಯಾದವು, ಯಾಕೆಂದರೆ ಕಾರಿನ ಕಂಪನಿಗೆ ಕಾಗದದ ಮೇಲಿನ ಮೈಲೇಜ್ ಮುಖ್ಯ. ಆದ್ದರಿಂದ “ಶೋರೂಮಿನಿಂದ ಬಂದದ್ದನ್ನೇ ಮತ್ತೆ ಹಾಕಿಸಬೇಕು” ಎಂಬ ಕಟ್ಟುಪಾಡೇನೂ ಇಲ್ಲ. ಅಳತೆ ಅದೇ ಇರಲಿ, ಮಾದರಿ ಬದಲಾಗಲಿ. ನೇರ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಈ ಟೈರುಗಳಿಂದ ಸ್ವಲ್ಪ ಲಾಭ ಇದೆ. ಬಾಳೆಬರೆ ಘಾಟಿ ಹತ್ತುವಾಗ ಪೆಟ್ರೋಲ್ ಖರ್ಚಾಗುವುದು ಗಾಡಿಯ ಭಾರವನ್ನು ಮೇಲೆತ್ತುವುದಕ್ಕೆ, ಇಳಿಯುವಾಗ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಅಲ್ಲಿ ಟೈರ್ ಉಳಿಸಿಕೊಡುವುದು ಅಷ್ಟರಲ್ಲೇ ಇದೆ.

ಇನ್ನು ಬೆಲೆ. 185/65 ಆರ್15 ಅಳತೆಯಲ್ಲಿ (185 ಮಿಲಿಮೀಟರ್ ಅಗಲ, ಅದರ ಶೇ 65ರಷ್ಟು ಪಕ್ಕೆಯ ಎತ್ತರ, 15 ಇಂಚಿನ ರಿಮ್) ಒಂದು ಟೈರಿಗೆ ಸುಮಾರು ಐದರಿಂದ ಎಂಟು ಸಾವಿರದವರೆಗೆ ಇದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ; ಮೊದಲು ತೆರಿಗೆ ಸೇರಿ 6,400 ರೂಪಾಯಿ ಇದ್ದದ್ದು ಅದೇ ಮೂಲ ಬೆಲೆಗೆ 5,900 ಆಗಬೇಕು. ಯಾರಾದರೂ ಹಳೆಯ ದರಪಟ್ಟಿ ತೋರಿಸಿದರೆ ಬಿಲ್ಲಿನಲ್ಲಿ ತೆರಿಗೆಯ ಸಾಲು ನೋಡಿ. ಒಳ್ಳೆಯ ಒದ್ದೆ ಹಿಡಿತದ ಟೈರಿಗೆ ತಲಾ 1,500 ರೂಪಾಯಿ ಹೆಚ್ಚಾದರೆ ನಾಲ್ಕಕ್ಕೆ 6,000. ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ನೂರು ರೂಪಾಯಿ. ಇದರಲ್ಲಿ ಚೌಕಾಶಿ ಮಾಡುವವರೇ ಸೀಟ್ ಕವರಿಗೆ ಹತ್ತು ಸಾವಿರ ಕೊಟ್ಟು ಬರುತ್ತಾರೆ.

ಅಗಲ ಹೆಚ್ಚಿಸುವ ಆಸೆ

ಮೂರು ಅಳತೆಗಳನ್ನು ನೋಡಿ: 165/80 ಆರ್14, 185/65 ಆರ್15, 195/55 ಆರ್16. ಮೊದಲೆರಡು ಸ್ವಿಫ್ಟ್‌ನಲ್ಲಿ, ಕೊನೆಯೆರಡು ಬಲೆನೊದಲ್ಲಿ ಬಂದಿವೆ. ನೆಲದಿಂದ ಮೇಲಿನ ತುದಿಯವರೆಗೆ ಅಳೆದರೆ ಮೂರೂ ಹೆಚ್ಚುಕಡಿಮೆ 62 ಸೆಂಟಿಮೀಟರ್. ಬದಲಾಗುವುದು ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಎತ್ತರ. ಮೊದಲನೆಯದರಲ್ಲಿ 132 ಮಿಲಿಮೀಟರ್, ಎರಡನೆಯದರಲ್ಲಿ 120, ಮೂರನೆಯದರಲ್ಲಿ 107. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ರಸ್ತೆಗಳ ಅಂಚು ಹೇಗಿರುತ್ತದೆ ಎಂದು ಬಲ್ಲವರಿಗೆ ಈ 25 ಮಿಲಿಮೀಟರ್ ಏನೆಂದು ಹೇಳಬೇಕಾಗಿಲ್ಲ. ಎದುರಿನಿಂದ ಬಸ್ ಬಂತೆಂದು ಎಡ ಚಕ್ರವನ್ನು ಡಾಂಬರಿನಿಂದ ಕೆಳಗಿಳಿಸಿ, ಮತ್ತೆ ಮೇಲೆ ಹತ್ತಿಸುವಾಗ ಡಾಂಬರಿನ ಒಡೆದ ಅಂಚು ಟೈರಿನ ಪಕ್ಕೆಯನ್ನೇ ಕೊಯ್ಯುತ್ತದೆ. ಗುಂಡಿಗೆ ಬಿದ್ದರೆ ಪಕ್ಕೆಯೊಳಗಿನ ನೂಲು ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಕಡಿದು, ಎರಡು ದಿನ ಬಿಟ್ಟು ಅಲ್ಲಿ ಗುಳ್ಳೆ ಏಳುತ್ತದೆ. ಪಕ್ಕೆಯ ಗಾಯಕ್ಕೆ ಪ್ಯಾಚ್ ಇಲ್ಲ. ಹೊಸ ಟೈರಾದರೂ ಎಸೆಯಬೇಕು. ವಾರಂಟಿಯೂ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಗುಂಡಿಯ ಪೆಟ್ಟಿಗೂ ಪರಿಹಾರ ಕೊಡುವ ಯೋಜನೆ ಕೆಲವು ಮಾದರಿಗಳಿಗೆ ಇರುತ್ತದೆ, ಆದರೆ ಕೊಂಡ ಮೇಲೆ ನೋಂದಣಿ ಮಾಡಿಸಿದರೆ ಮಾತ್ರ. ಕೇಳಿ ಮಾಡಿಸಿಕೊಳ್ಳಿ.

ಹಾಗಾಗಿ ದೊಡ್ಡ ಅಲಾಯ್ ಹಾಕಿಸಿ ತೆಳು ಟೈರ್ ಏರಿಸುವುದು ಬೆಂಗಳೂರಿನವರ ಶೋಕಿ, ನಮ್ಮದಲ್ಲ. ಅದೇ ಕಾರಿನ ಕೆಳಗಿನ ಮಾದರಿಗೆ ಕಂಪನಿಯೇ ಒಂದು ಇಂಚು ಚಿಕ್ಕ ರಿಮ್ ಕೊಟ್ಟಿದ್ದರೆ, ಬ್ರೇಕಿಗೆ ತಾಗದೆ ಕೂರುತ್ತದೆಂದು ಖಚಿತಪಡಿಸಿಕೊಂಡು ಅದಕ್ಕೆ ಇಳಿಯುವುದು ಮಲೆನಾಡಿನಲ್ಲಿ ಬುದ್ಧಿವಂತಿಕೆ. ನೋಟ ಸ್ವಲ್ಪ ಬಡವಾಗುತ್ತದೆ, ಸವಾರಿ ಮೆತ್ತಗಾಗುತ್ತದೆ.

ಅಗಲ ಟೈರಿಗೆ ಹಿಡಿತ ಹೆಚ್ಚು ಎಂಬುದು ಒಣ ರಸ್ತೆಯ ಮಾತು. ರಸ್ತೆಯಲ್ಲಿ ನೀರು ನಿಂತಾಗ ಕಿರಿದಾದ ಟೈರ್ ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ, ಅಗಲವಾದದ್ದು ಅದರ ಮೇಲೆ ತೇಲುವುದಕ್ಕೆ ಬೇಗ ಶುರುಮಾಡುತ್ತದೆ. ಗಾಳಿ ಕಡಿಮೆ ಇದ್ದರೂ ಅಷ್ಟೇ. “ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿ, ಹಿಡಿತ ಬರುತ್ತದೆ” ಎಂದು ಹೇಳುವವರು ಕೆಸರಿನಲ್ಲಿ ಆಮೆಯ ವೇಗದಲ್ಲಿ ಹೋಗುವ ಜೀಪಿನ ವಿದ್ಯೆಯನ್ನು ಡಾಂಬರಿನ ಮೇಲೆ ಎಂಬತ್ತರ ವೇಗದಲ್ಲಿ ಹೋಗುವ ಕಾರಿಗೆ ಹೇಳುತ್ತಿದ್ದಾರೆ. ಚಾಲಕನ ಬಾಗಿಲಿನ ಕಂಬದ ಮೇಲಿನ ಸ್ಟಿಕರಿನಲ್ಲಿ ಎಷ್ಟಿದೆಯೋ ಅಷ್ಟು ಗಾಳಿ, ಬೆಳಿಗ್ಗೆ ಗಾಡಿ ಓಡುವ ಮೊದಲು ನೋಡಿ. ಹಿಂದೆ ಮೂಟೆ ಹೇರುವುದಿದ್ದರೆ ಪೂರ್ಣ ಭಾರದ ಅಂಕಿ ಅದೇ ಸ್ಟಿಕರಿನಲ್ಲಿರುತ್ತದೆ.

ಅಳತೆಯ ಪಕ್ಕದಲ್ಲಿ 85ಎಚ್, 88ಟಿ ಎಂಬಂಥ ಗುರುತು ಇರುತ್ತದೆ. ಅಂಕಿ ಭಾರದ್ದು: 85 ಎಂದರೆ ಒಂದು ಟೈರಿಗೆ 515 ಕಿಲೋ, 88 ಎಂದರೆ 560. ಅಕ್ಷರ ವೇಗದ್ದು: ಟಿ ಎಂದರೆ ಗಂಟೆಗೆ 190 ಕಿಲೋಮೀಟರ್, ಎಚ್ ಎಂದರೆ 210. ಕಾರಿಗೆ ಹೇಳಿದ್ದಕ್ಕಿಂತ ಕಡಿಮೆಯದು ಬೇಡ. ವಿಶೇಷವಾಗಿ ಬ್ಯಾಟರಿ ಕಾರುಗಳಿಗೆ, ಅವುಗಳ ತೂಕ ಜಾಸ್ತಿ.

ಎರಡೇ ಕೊಳ್ಳುವುದಾದರೆ ಹಿಂದಕ್ಕೆ

ಇಡೀ ವಿಷಯದಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲಿ. ನಮ್ಮ ಮನೆಯ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರ ಎಳೆಯುವವು. ಎಳೆಯುವುದೂ ತಿರುಗಿಸುವುದೂ ಬ್ರೇಕಿನ ಹೆಚ್ಚಿನ ಪಾಲೂ ಅಲ್ಲೇ, ಆದ್ದರಿಂದ ಮುಂದಿನವು ಬೇಗ ಸವೆಯುತ್ತವೆ. ಎರಡು ಹೊಸ ಟೈರ್ ತಂದಾಗ ಅಂಗಡಿಯವರು ಹೇಳುವುದು: “ಎಳೆಯುವುದು ಮುಂದಿನ ಚಕ್ರ ತಾನೇ ಸರ್, ಹೊಸದನ್ನು ಅಲ್ಲಿಗೇ ಹಾಕೋಣ.” ಕೇಳುವುದಕ್ಕೆ ಸರಿ ಎನಿಸುತ್ತದೆ. ಪ್ರಮುಖ ಟೈರ್ ಕಂಪನಿಗಳು ಹೇಳುವುದು ಇದರ ತದ್ವಿರುದ್ಧ: ಹೊಸವು ಹಿಂದಕ್ಕೆ.

ಕಾರಣ ಇದು. ಮುಂದಿನ ಚಕ್ರ ಒದ್ದೆಯಲ್ಲಿ ಜಾರಿದರೆ ಕಾರು ತಿರುಗದೆ ನೇರ ಹೋಗುವುದಕ್ಕೆ ನೋಡುತ್ತದೆ. ಸ್ಟಿಯರಿಂಗ್ ಕೈಯಲ್ಲಿ ಹಗುರವಾಗುತ್ತದೆ, ಚಾಲಕನಿಗೆ ಕೂಡಲೇ ಗೊತ್ತಾಗುತ್ತದೆ, ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೂ ಸಾಕು, ವೇಗ ಇಳಿದು ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಯಾವ ಸೂಚನೆಯೂ ಕೈಗೆ ಬರುವುದಿಲ್ಲ. ಕಾರಿನ ಬಾಲ ಹೊರಕ್ಕೆ ಎಸೆಯುತ್ತದೆ, ಆಗ ಆಕ್ಸಿಲರೇಟರ್ ಬಿಟ್ಟರೆ ಅಥವಾ ಬ್ರೇಕ್ ಒತ್ತಿದರೆ ಇನ್ನಷ್ಟು ಎಸೆಯುತ್ತದೆ. ಇದನ್ನು ಸಂಭಾಳಿಸುವುದು ರ‍್ಯಾಲಿ ಓಡಿಸುವವರ ಕೆಲಸ. ಹಿಂದಿನ ಸೀಟಿನಲ್ಲಿ ಅತ್ತೆ, ಮಕ್ಕಳನ್ನು ಕೂರಿಸಿಕೊಂಡವರದ್ದಲ್ಲ. ಈಗ ಇದನ್ನು ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಗೆ ಹಾಕಿ ನೋಡಿ. ಇಳಿಜಾರಿನಲ್ಲಿ, ಅದರಲ್ಲೂ ಬ್ರೇಕ್ ಹಿಡಿದಾಗ, ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರವಾಗಿರುತ್ತದೆ. ತಿರುವಿನಲ್ಲಿ ಧರೆಯಿಂದ ಇಳಿದ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿರುತ್ತದೆ. ಮೊದಲೇ ಹಗುರವಾದ ಚಕ್ರಕ್ಕೆ ಸವೆದ ಟೈರನ್ನೂ ಕೊಟ್ಟರೆ ಉಳಿದದ್ದೇನು? ಇಎಸ್‌ಸಿ (ಕಾರು ಜಾರಿದಾಗ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇರುವ ಹೊಸ ಕಾರುಗಳು ಒಂದಷ್ಟು ಕಾಪಾಡುತ್ತವೆ, ಆದರೆ ಅದು ಇರುವ ಹಿಡಿತವನ್ನು ಹಂಚಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು.

ಆದ್ದರಿಂದ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ, ಹಿಂದಿದ್ದ ಹಳೆಯ ಎರಡನ್ನು, ಅವು ಚೆನ್ನಾಗಿದ್ದರೆ, ಮುಂದಕ್ಕೆ ತನ್ನಿ. ಅಂಗಡಿಯವರು ವಾದಿಸಿದರೆ ಜಗಳ ಬೇಡ, “ನನಗೆ ಹಾಗೇ ಬೇಕು” ಎಂದರೆ ಮುಗಿಯಿತು. ಒಂದು ಅಚ್ಚಿನ (ಆಕ್ಸಲ್) ಎರಡು ಬದಿಗೆ ಬೇರೆ ಬೇರೆ ಮಾದರಿ ಮಾತ್ರ ಯಾವ ಕಾರಣಕ್ಕೂ ಕೂಡದು. ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬದಲಿಸುತ್ತ ನಾಲ್ಕನ್ನೂ ಸಮನಾಗಿ ಸವೆಸಿ, ನಾಲ್ಕನ್ನೂ ಒಟ್ಟಿಗೆ ಕೊಳ್ಳುವುದು.

ಯಾವಾಗ ಬದಲಿಸಬೇಕು? ಕಾನೂನಿನ ಪ್ರಕಾರ ಕಾರಿನ ಟೈರಿನ ಬಟನ್ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಬಟನ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿತೆಂದು ಅರ್ಥ. ಅಲ್ಲಿಯವರೆಗೆ ಕಾಯುವುದು ಚಿತ್ರದುರ್ಗದ ಕಡೆಯವರಿಗೆ ನಡೆದೀತು. ಹೊಸ ಟೈರಿನಲ್ಲಿ ಏಳೆಂಟು ಮಿಲಿಮೀಟರ್ ಇರುವ ಕಾಲುವೆ ಮೂರಕ್ಕೆ ಇಳಿದರೆ ನೀರು ಸಾಗಿಸುವ ಶಕ್ತಿ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. ಮೇ ತಿಂಗಳಲ್ಲಿ ಮೂರು ಮಿಲಿಮೀಟರ್ ಇದ್ದರೆ ಆರಿದ್ರಾ ಮಳೆಗೆ ಆ ಟೈರ್ ಬೇಡ. ಆಳ ಅಳೆಯುವ ಸಣ್ಣ ಗೇಜು ನೂರಿನ್ನೂರು ರೂಪಾಯಿಗೆ ಸಿಗುತ್ತದೆ.

ಮರದ ನೆರಳಿನ ಡಾಂಬರಿನ ಮೇಲೆ ಕಟ್ಟುವ ಹಾವಸೆಗೆ ಮಾತ್ರ ಯಾವ ಟೈರೂ ಪೂರ್ತಿ ಉತ್ತರವಲ್ಲ. ಸೀಳು ಹೆಚ್ಚಿರುವ ಮೃದು ಟೈರ್ ಒಂದಿಷ್ಟು ಹಿಡಿಯುತ್ತದೆ. ಉಳಿದದ್ದು ನಿಮ್ಮ ಬಲಗಾಲಿಗೆ ಬಿಟ್ಟದ್ದು.

ತೋಟದ ದಾರಿಗೆ ಎ.ಟಿ. ಬೇಕೇ?

ಬ್ರೆಜಾ, ಕ್ರೆಟಾದಂಥ ಎತ್ತರದ ಕಾರು ಇರುವವರಿಗೆ ಎ.ಟಿ., ಅಂದರೆ ಕಚ್ಚಾ ದಾರಿಗೂ ಆಗುವ ಆಲ್ ಟೆರೇನ್ ಟೈರಿನ ಆಸೆ ಬರುತ್ತದೆ. ಮುಖ್ಯರಸ್ತೆಯಿಂದ ಮನೆಗೆ ಕಾಲು ಕಿಲೋಮೀಟರ್ ಜೇಡಿಯ ಏರು, ಮಳೆಗಾಲದಲ್ಲಿ ಮುಂದಿನ ಚಕ್ರ ಸುತ್ತಿದಲ್ಲೇ ಸುತ್ತುತ್ತದೆ. ದಪ್ಪ ಬಟನ್‌ನ ಎ.ಟಿ. ಟೈರ್ ಹಾಕಿಸಿದರೆ ಆ ಏರಿನಲ್ಲಿ ವ್ಯತ್ಯಾಸ ಕಾಣುವುದು ನಿಜ, ಪಕ್ಕೆಯೂ ಗಟ್ಟಿ. ಆದರೆ ಆ ಕಾಲು ಕಿಲೋಮೀಟರಿಗಾಗಿ ಉಳಿದೆಲ್ಲ ಡಾಂಬರು ರಸ್ತೆಯಲ್ಲಿ ಸದ್ದು, ಭಾರ, ಕಡಿಮೆ ಮೈಲೇಜ್, ಒದ್ದೆ ಡಾಂಬರಿನಲ್ಲಿ ಉದ್ದವಾಗುವ ಬ್ರೇಕು, ಇಷ್ಟನ್ನೂ ಹೊತ್ತು ತಿರುಗಬೇಕು. ನಾಲ್ಕು ಟೈರಿಗೆ ಹಾಕುವ ಹೆಚ್ಚುವರಿ ದುಡ್ಡಿನಲ್ಲಿ ಜಲ್ಲಿ ತರಿಸಿ ಆ ಏರಿಗೆ ಹರಡಿಸಬಹುದು, ಹಾಲಿನವರ ಬೈಕಿಗೂ ಅನುಕೂಲ. ದಿನವೂ ತೋಟದೊಳಗೆ ಓಡಾಡುವ ಬೊಲೆರೊ, ಜೀಪು, ಹಳೆಯ ಓಮ್ನಿಯ ಮಾತು ಬೇರೆ. ಅವು ಮನೆಯ ಕಾರಲ್ಲ, ಮನೆಯ ಆಳು.

ಅಗ್ಗದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ಬರುವ ಸೆಕೆಂಡ್‌ಹ್ಯಾಂಡ್ ಟೈರುಗಳ ಮೈ ಚೆನ್ನಾಗಿ ಕಂಡರೂ ಒಳಗಿನ ಪೆಟ್ಟು ಕಾಣುವುದಿಲ್ಲ. ರೀಸೋಲ್ (ಸವೆದ ಟೈರಿಗೆ ಹೊಸ ರಬ್ಬರು ಅಂಟಿಸಿದ್ದು) ಲಾರಿಗೆ ಸರಿ, ಕಾರಿಗೆ ಬೇಡ. ಐಎಸ್‌ಐ ಗುರುತಿಲ್ಲದ ಟೈರನ್ನು ಮುಟ್ಟಲೇಬೇಡಿ.

ನಾನಾದರೆ ಹೀಗೆ ಆರಿಸುತ್ತೇನೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ವರ್ಷಕ್ಕೆ ಹತ್ತು ಸಾವಿರದೊಳಗೆ ಓಡುವ ಸ್ವಿಫ್ಟ್, ಐ20, ಎರ್ಟಿಗಾದಂಥ ಕಾರಿಗೆ ಮಿಷೆಲಿನ್ ಪ್ರೈಮಸಿ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್, ಗುಡ್‌ಇಯರ್ ಟ್ರಿಪಲ್‌ಮ್ಯಾಕ್ಸ್, ಯೋಕೊಹಾಮಾ ಬ್ಲೂಅರ್ತ್ ಜಿಟಿ, ಈ ಸಾಲಿನಲ್ಲಿ ನನ್ನ ಅಳತೆಗೆ ಯಾವುದು ತಾಜಾ ಸಿಗುತ್ತದೋ ಅದು. ಇವುಗಳ ಪಕ್ಕೆ ಬಾಳಿಕೆಯ ಟೈರಿನಷ್ಟು ಗಡುಸಲ್ಲ ಎಂಬ ದೂರು ಇದೆ, ಒಪ್ಪುತ್ತೇನೆ. ಗುಂಡಿಗೆ ನಿಧಾನಿಸಿದರೆ ಆಯಿತು, ಜಾರುವುದಕ್ಕೆ ನಿಧಾನಿಸಲು ಎಷ್ಟೋ ಸಲ ಸಮಯವೇ ಸಿಗುವುದಿಲ್ಲ. ಶಿವಮೊಗ್ಗ ಪೇಟೆಯೊಳಗೇ ಓಡುವ ಆಲ್ಟೊ, ವ್ಯಾಗನ್ಆರ್‌ನ ಚಿಕ್ಕ ಅಳತೆಗಳಲ್ಲಿ ಆಯ್ಕೆ ಕಡಿಮೆ. ಎಂಆರ್‌ಎಫ್, ಅಪೊಲೊ, ಜೆ.ಕೆ. ಯಾವುದಾದರೂ ಹೊಸ ತಾರೀಖಿನದು ಸಾಕು. ಪ್ರತಿ ವಾರ ಬೆಂಗಳೂರು ದಾರಿ ಹಿಡಿಯುವವರಿಗೆ ಸ್ಟರ್ಡೊ, ಅಮೇಜರ್‌ನಂಥವು, ಆದರೆ ಮೂರು ಮಿಲಿಮೀಟರಿನ ನಿಯಮ ಅವರಿಗೂ ಇದೆ.

ಅಂಗಡಿಯಲ್ಲಿ

ಮೊದಲು ತಾರೀಖು. ಟೈರಿನ ಪಕ್ಕೆಯಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2325 ಎಂದಿದ್ದರೆ 2025ರ 23ನೆಯ ವಾರದಲ್ಲಿ ತಯಾರಾದದ್ದು. ಒಂದೇ ಬದಿಯಲ್ಲಿ ಅಚ್ಚಾಗಿರುವುದರಿಂದ ಕಾಣದಿದ್ದರೆ ತಿರುಗಿಸಿ ನೋಡಿ. ಒಂದು ವರ್ಷ ದಾಟಿದ್ದನ್ನು ಪೂರ್ತಿ ಬೆಲೆಗೆ ತೆಗೆದುಕೊಳ್ಳಬೇಡಿ. ದೊಡ್ಡ ಕಂಪನಿಯ ಕಡಿಮೆ ಓಡುವ ಅಳತೆಗಳು ನಮ್ಮಂಥ ಊರಿನ ಅಂಗಡಿಯ ಅಟ್ಟದಲ್ಲಿ ಎರಡು ವರ್ಷ ಕೂತಿರುವುದುಂಟು. ಬೇಕಾದ ಮಾದರಿ ಇಲ್ಲದಿದ್ದರೆ “ತರಿಸಿ ಕೊಡಿ, ಎರಡು ದಿನ ಬಿಟ್ಟು ಬರುತ್ತೇನೆ” ಎನ್ನಿ. ಅವಸರದಲ್ಲಿ ಕೊಂಡವರಿಗೇ ಅಟ್ಟದ ಮಾಲು ಸಿಗುವುದು.

ಹಳೆಯ ಟೈರ್ ಬಿಚ್ಚಿದ ಮೇಲೆ ರಿಮ್ ನೋಡುವುದನ್ನು ಮರೆಯಬೇಡಿ. ಆರು ತಿಂಗಳು ಒದ್ದೆಯಲ್ಲೇ ಇರುವ ನಮ್ಮ ಕಬ್ಬಿಣದ ರಿಮ್ಮುಗಳಲ್ಲಿ ಟೈರ್ ಕೂರುವ ಅಂಚಿಗೇ ತುಕ್ಕು ಹಿಡಿದು, ಪದರ ಪದರವಾಗಿ ಎದ್ದಿರುತ್ತದೆ. ಹೊಸ ಟೈರ್ ಆ ಹಕ್ಕಳೆಯ ಮೇಲೆ ಕೂತರೆ ವಾರಕ್ಕೆ ಐದು ಪಿಎಸ್‌ಐ ಗಾಳಿ ಎಲ್ಲಿ ಹೋಯಿತೆಂದು ತಿಳಿಯದೆ ಪಂಕ್ಚರ್ ಅಂಗಡಿ ಸುತ್ತಬೇಕಾಗುತ್ತದೆ. ಟೈರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ರಿಮ್ಮಿನ ಅಂಚಿನಿಂದ ಸಾಸಿವೆ ಗಾತ್ರದ ಗುಳ್ಳೆ ಸಾಲಾಗಿ ಏಳುತ್ತಿದ್ದರೆ ರೋಗ ಇದೇ. ತಂತಿ ಬ್ರಷ್ ಹಾಕಿ ಉಜ್ಜಿಸಿ, ಬಣ್ಣ ಹಚ್ಚಿಸಿ, ಒಣಗಿದ ಮೇಲೆ ಟೈರ್ ಏರಿಸಲು ಹೇಳಿ. ವಾಲ್ವ್‌ಗಳನ್ನೂ ಹೊಸದು ಹಾಕಿಸಿ, ಅದಕ್ಕೆ ಆಗುವುದು ಚಿಲ್ಲರೆ ಖರ್ಚು. ಕೆಲವು ಟೈರುಗಳ ಮೇಲೆ ತಿರುಗುವ ದಿಕ್ಕಿನ ಬಾಣ ಅಥವಾ ಔಟ್‌ಸೈಡ್ ಎಂಬ ಬರಹ ಇರುತ್ತದೆ. ಕೂರಿಸಿದ ಮೇಲೆ ನಾಲ್ಕೂ ಸರಿ ಇವೆಯೇ ಎಂದು ಒಂದು ಸುತ್ತು ಬನ್ನಿ. ಬ್ಯಾಲೆನ್ಸಿಂಗ್ (ಚಕ್ರದ ತೂಕ ಸಮ ಮಾಡುವುದು), ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಎರಡನ್ನೂ ಅದೇ ದಿನ ಮಾಡಿಸಿ. ನೈಟ್ರೋಜನ್ ಬೇಡ, ಮಾಮೂಲಿ ಗಾಳಿಯಲ್ಲೇ ಶೇ 78 ಅದೇ ಇದೆ.

ಸ್ಟೆಪ್ನಿಯನ್ನು ಕೆಳಗಿಳಿಸಿ ಅದರ ತಾರೀಖನ್ನೂ ನೋಡಿ. ಈಗಿನ ಅನೇಕ ಕಾರುಗಳಲ್ಲಿ ಬರುವ ಚಿಕ್ಕ ಸ್ಟೆಪ್ನಿಗೆ 80 ಕಿಲೋಮೀಟರ್ ವೇಗದ ಮಿತಿ ಇರುತ್ತದೆ. ಬಿಚ್ಚಿದ ನಾಲ್ಕರಲ್ಲಿ ಚೆನ್ನಾಗಿರುವ ಒಂದನ್ನು ಸ್ಟೆಪ್ನಿಗೆ ಉಳಿಸಿಕೊಳ್ಳುವುದು ವಾಡಿಕೆ, ಐದು ವರ್ಷದೊಳಗಿನದಾದರೆ ಪರವಾಗಿಲ್ಲ. ರಾತ್ರಿ ಮಾಸ್ತಿಕಟ್ಟೆ ದಾಟಿದ ಮೇಲೆ ಪಂಕ್ಚರ್ ಅಂಗಡಿ ಹುಡುಕುವುದು ಕಷ್ಟ, ಹಾಗಾಗಿ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಮತ್ತು ಗಾಳಿ ತುಂಬುವ ಸಣ್ಣ ಪಂಪು ಡಿಕ್ಕಿಯಲ್ಲಿರಲಿ.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿರುತ್ತದೆ. ಮೊದಲ 300 ಕಿಲೋಮೀಟರ್ ನಿಧಾನವಾಗಿ ಓಡಿಸಿ, ಮಳೆ ಹಿಡಿಯುವ ಮೊದಲೇ ಆ ದೂರ ಮುಗಿಯುವಂತೆ ಮೇ ತಿಂಗಳಲ್ಲೇ ಹಾಕಿಸಿಕೊಳ್ಳಿ. ನೂರು ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನು ಒಮ್ಮೆ ಬಿಗಿ ನೋಡಿಸಿ. ಹಳೆಯ ಟೈರುಗಳನ್ನು ಅಂಗಡಿಗೇ ಬಿಟ್ಟು ಬನ್ನಿ. ಹೂವಿನ ಗಿಡಕ್ಕೆ ಆಗುತ್ತದೆಂದು ಮನೆಗೆ ತಂದರೆ ಗಿಡ ನೆಡುವ ಮೊದಲೇ ಮಳೆ ನೀರು ನಿಂತು ಡೆಂಗಿ ಸೊಳ್ಳೆ ಸಂಸಾರ ಹೂಡುತ್ತದೆ.